ಲಗ್ನಪತ್ರಿಕೆಯ ಮಾತು ಯಾರದು?

ಬೆಳಗಾವಿಯ ಖಡೇಬಜಾರ್ ಹತ್ತಿರದ ಓಣಿಯಲ್ಲಿ ನಮ್ಮದು ಲಗ್ನಪತ್ರಿಕೆಯ ಅಂಗಡಿ. ಅಪ್ಪ ಶುರು ಮಾಡಿದ್ದು. ತುಳಸಿ ಲಗ್ನ ಮುಗಿದರೆ ಸಾಕು, ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಓಡಿಹೋಗಿ ಮದುವೆಯಾದವರ ರಿಸೆಪ್ಶನ್ ಕಾರ್ಡು, ಎರಡನೇ ಮದುವೆಯ ಕಾರ್ಡು, ಅರ್ಧ ಮನೆ ಮುನಿಸಿಕೊಂಡ ಮದುವೆಯ ಕಾರ್ಡು, ಎಲ್ಲ ಮಾಡಿಕೊಟ್ಟಿದ್ದೇವೆ. ಕನ್ನಡದಲ್ಲಿ ಬೇಕೋ ಮರಾಠಿಯಲ್ಲಿ ಬೇಕೋ, ಹೆಸರೇನು, ತಾರೀಕು ಯಾವುದು, ಎಷ್ಟು ಕಾರ್ಡು. ನಾವು ಕೇಳೋದು ಇಷ್ಟೇ.

ಈ ಸಲದ ಕಾರ್ಡು ನಮ್ಮ ಮನೆಯದೇ. ಅಕ್ಕನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನೂ ಜಮಖಂಡಿ ಕಡೆಯ ಒಬ್ಬ ಹುಡುಗನೂ ಬಹಳ ವರ್ಷದಿಂದ ಜೊತೆಗಿದ್ದಾರೆ. ಎರಡೂ ಮನೆಯವರು ಒಪ್ಪಿದ್ದಾರೆ. ಒಪ್ಪುವ ಮೊದಲು ಅಕ್ಕ ಪಟ್ಟ ಸಂಕಟವನ್ನು ಅವಳೇ ಹೇಳಬೇಕು, ನಾನಲ್ಲ. ಪುಣೆಯವರೆಗೆ ಅವ್ವನ ಕೈಲಿ ಹೋಗಲಾಗದು. ಅದಕ್ಕೇ ಬೆಳಗಾವಿಯಲ್ಲಿ ಒಂದು ಸಮಾರಂಭ ಮಾಡೋಣ ಅಂದುಕೊಂಡೆವು.

ಒಂದು ಮಂಗಲ ಕಾರ್ಯಾಲಯದವರು ಅಡ್ವಾನ್ಸ್ ತೆಗೆದುಕೊಂಡರು. ಬಾಗಿಲಿನ ಬೋರ್ಡಿಗೆ ವಧು–ವರರ ಹೆಸರು ಕೇಳಿದಾಗ ಇಬ್ಬರು ಹುಡುಗರ ಹೆಸರು ಕೊಟ್ಟೆವು. ಮರುದಿನ ಮ್ಯಾನೇಜರ್ ಕರೆಸಿ ಹಣ ವಾಪಸ್ ಇಟ್ಟ. 'ನಂದೇನೂ ಇಲ್ರೀ. ಆದ್ರ ನಾಳೆ ಬ್ಯಾರೆ ಪಾರ್ಟಿಯವ್ರು ಈ ಹಾಲ್ ಬ್ಯಾಡ ಅಂತಾರ. ಮತ್ತ ಇದು ಕಾನೂನಿನ್ಯಾಗೂ ಇಲ್ಲಲ್ರೀ' ಅಂದ. ಡೆಕೊರೇಷನ್‌ನವನು ಫೋನ್ ಎತ್ತೋದನ್ನೇ ಬಿಟ್ಟ. ಸುದ್ದಿ ತಿಳಿದು ಅಳಿಯ, 'ಬಿಡು ಮಾಮಾ, ನಾವು ಇಲ್ಲೇ ಮಾಡ್ಕೋತೀವಿ' ಅಂದ. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಕಾನೂನಿನ ಮಾತು ಬಂತಲ್ಲ, ಅದನ್ನು ಪೂರ್ತಿ ಹೇಳುತ್ತೇನೆ. ಇಬ್ಬರು ವಯಸ್ಕ ಗಂಡಸರು ಒಪ್ಪಿ ಕೂಡುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಇಂಥ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದು ನಿಜ. ಆದರೆ ಬಂಧುಗಳನ್ನು ಕರೆದು, ಅಕ್ಷತೆ ಹಾಕಿಸಿ, ಊಟ ಹಾಕಬೇಡಿ ಅಂತ ಆ ತೀರ್ಪು ಎಲ್ಲೂ ಹೇಳಿಲ್ಲ. ಅದೇ ಹಾಲ್‌ನಲ್ಲಿ ಬರ್ತ್‌ಡೇ, ನಿವೃತ್ತಿಯ ಸನ್ಮಾನ ಎಲ್ಲ ನಡೆಯುತ್ತವೆ. ಅವಕ್ಕೆ ಯಾವ ಕಾನೂನಿನ ಸರ್ಟಿಫಿಕೇಟ್ ಕೇಳುತ್ತಾರೆ?

ನಮ್ಮ ಜಿಲ್ಲೆಯಲ್ಲೇ ಸವದತ್ತಿ ಇದೆ. ಎಲ್ಲಮ್ಮನಿಗೆ ತಮ್ಮನ್ನು ಒಪ್ಪಿಸಿಕೊಂಡು ಸೀರೆ ಉಡುವ ಜೋಗಪ್ಪಗಳನ್ನು ಮನೆಯ ಶುಭಕಾರ್ಯಕ್ಕೆ ಕರೆದು, ಚೌಡಿಕೆ ಬಾರಿಸಿ ಹಾಡಿಸಿ, ಕಾಲು ಮುಟ್ಟುವ ಮಂದಿ ನಾವು. ಲಿಂಗತ್ವ ಅಲ್ಪಸಂಖ್ಯಾತರಿಗೆ ಜಾಗ, ಸೇವೆ ನಿರಾಕರಿಸಿ ತಾರತಮ್ಯ ಮಾಡುವಂತಿಲ್ಲ ಅಂತ 2019ರ ಕಾಯ್ದೆಯೂ ಹೇಳುತ್ತದೆ. ಆದರೆ ನಮ್ಮ ಹುಡುಗರಂಥ ಗೇ ಜೋಡಿಗಳಿಗೆ ಅಂಥದೊಂದು ಕಾಯ್ದೆ ಇಲ್ಲ. ಮ್ಯಾನೇಜರ್ ಅಷ್ಟು ಸಲೀಸಾಗಿ ಹಣ ವಾಪಸ್ ಕೊಟ್ಟಿದ್ದು ಅದಕ್ಕೇ.

ಕಾಯ್ದೆ ಇರುವ ಕಡೆಯೂ ಜಗಳ ಮುಗಿದಿಲ್ಲ. ಅಮೆರಿಕದ ಕೊಲರಾಡೊದಲ್ಲಿ 2012ರಲ್ಲಿ ಇಬ್ಬರು ಗಂಡಸರಿಗೆ ಮದುವೆ ಕೇಕ್ ಮಾಡಿಕೊಡಲ್ಲ ಅಂದ ಬೇಕರಿಯವರ ಕೇಸು ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರಲ್ಲಿ ಬೇಕರಿಯವರ ಪರವಾಗಿ ತೀರ್ಪು ಬಂತು. ವಿಚಾರಣೆ ಮಾಡಿದ ಆಯೋಗ ಅವರ ಧರ್ಮದ ಬಗ್ಗೆ ಹಗೆ ತೋರಿಸಿತು ಅನ್ನೋದು ಕಾರಣ. ನನ್ನ ಕಸುಬಿಗೆ ಹತ್ತಿರವಾದದ್ದು 2023ರ ಇನ್ನೊಂದು ಕೇಸು. ಅದೇ ರಾಜ್ಯದ ವೆಬ್‌ಸೈಟ್ ಡಿಸೈನರ್ ಒಬ್ಬರು, ಇಂಥ ಮದುವೆಗಳಿಗೆ ವೆಬ್‌ಸೈಟ್ ಮಾಡಿಕೊಡಿ ಅಂತ ನನ್ನನ್ನು ಒತ್ತಾಯಿಸುವಂತಿಲ್ಲ ಅಂತ ವಾದಿಸಿದರು. ಡಿಸೈನ್ ಅಂದರೆ ಅವರದೇ ಮಾತು, ಒಲ್ಲದ ಮಾತನ್ನು ಆಡಿಸುವಂತಿಲ್ಲ ಅಂತ ಆರು ನ್ಯಾಯಮೂರ್ತಿಗಳು ಒಪ್ಪಿದರು. ಮೂವರು ಒಪ್ಪಲಿಲ್ಲ.

ನಾನು ಆ ಮೂವರ ಕಡೆ. ಕಾರ್ಡಿನಲ್ಲಿ 'ನಮ್ಮ ಜ್ಯೇಷ್ಠ ಪುತ್ರ' ಅಂತ ಇರುತ್ತದೆ. ಅವನು ನನ್ನ ಪುತ್ರನಾ? 'ಕುಲದೇವರ ಕೃಪೆಯಿಂದ' ಅಂತ ಇರುತ್ತದೆ. ಅದು ಅವರ ಕುಲದೇವರು. ಅಕ್ಷರ ಜೋಡಿಸಿ, ಪ್ರೂಫ್ ತೋರಿಸಿ, ಒತ್ತು–ದೀರ್ಘ ತಿದ್ದಿಸಿಕೊಳ್ಳುವುದು ನನ್ನ ಕೆಲಸ. ಮಾತು ಕರೆಯುವ ಮನೆಯವರದು. ಕೆಳಗೆ ಸಣ್ಣಕ್ಷರದಲ್ಲಿ ನಮ್ಮ ಅಂಗಡಿ ಹೆಸರು ಇದ್ದರೂ, ಪತ್ರಿಕೆ ಓದಿ ಪ್ರೆಸ್‌ನವನು ನಮ್ಮನ್ನು ಕರೆದ ಅಂತ ಯಾರೂ ತಿಳಿಯುವುದಿಲ್ಲ. ಇನ್ನು ಹಾಲ್‌ನವರ ಮಾತಂತೂ ಇಲ್ಲವೇ ಇಲ್ಲ. ಅವರು ಕೊಡೋದು ಕುರ್ಚಿ, ನೀರು, ಅಡುಗೆಮನೆ.

ಗಿರಾಕಿ ಹೋಗುತ್ತಾರೆ ಅನ್ನೋ ಭಯ ನನಗೂ ಅರ್ಥವಾಗುತ್ತದೆ. ನಾನೂ ಇದೇ ಪೇಟೆಯಲ್ಲಿ ಹೊಟ್ಟೆ ಹೊರೆಯುವವನು. ಆದರೆ ಯಾರದೋ ಮೂಗು ಮುರಿಯುವಿಕೆಗೆ ಹೆದರಿ ಇನ್ನೊಬ್ಬರನ್ನು ಬಾಗಿಲಿನಿಂದ ವಾಪಸ್ ಕಳಿಸಿದರೆ ಅದು ವ್ಯಾಪಾರ ಅಲ್ಲ, ಅನ್ಯಾಯ.

ಅಳಿಯನಿಗೆ ಹೇಳಿದ್ದೇನೆ, ಕಾರ್ಯ ಬೆಳಗಾವಿಯಲ್ಲೇ ಆಗಬೇಕು ಅಂತ. ಕಾರ್ಡಿನ ಪ್ರೂಫ್ ರೆಡಿ ಇದೆ. ಎರಡೂ ಮನೆಯ ಹಿರಿಯರ ಹೆಸರಿದೆ, ಅವ್ವನ ಹೆಸರು ಎಲ್ಲರಿಗಿಂತ ಮೇಲೆ. ಸ್ಥಳದ ಸಾಲು ಮಾತ್ರ ಖಾಲಿ ಇದೆ. ಅಡುಗೆಯ ಆಚಾರಿ ಒಪ್ಪಿದ್ದಾರೆ, 'ಹೋಳಿಗಿ ಎಷ್ಟ್ ಮಂದಿಗೆ ಮಾಡ್ಲಿ' ಅಂತಷ್ಟೇ ಕೇಳಿದರು. ಡಿಸೆಂಬರ್‌ನಲ್ಲಿ ನೂರೈವತ್ತು ಮಂದಿಗೆ ಸಾಕಾಗುವ ಹಾಲ್, ಅವ್ವನಿಗೆ ಮೆಟ್ಟಿಲು ಹತ್ತುವ ಕಷ್ಟ ಇಲ್ಲದಂಥದ್ದು, ನಿಮ್ಮ ಗೊತ್ತಿನವರದು ಇದ್ದರೆ ತಿಳಿಸಿ. ಇಬ್ಬರು ಹುಡುಗರ ಹೆಸರನ್ನು ಮೊದಲೇ ಹೇಳಿ, ಒಪ್ಪಿದರೆ ಬಂದು ಅಡ್ವಾನ್ಸ್ ಕೊಡುತ್ತೇನೆ.