ಎಂಜಿಬಿಯ ಟೈರು, ನಮ್ಮ ಅಂಗಡಿಯ ಟಾರ್ಗೆಟ್ಟು

ನಮ್ಮ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಎಂಜಿ ಅಂದರೆ ಹೆಕ್ಟರ್ ಅಷ್ಟೇ ಗೊತ್ತು. ಮಾಡೆಲ್ ಆರಿಸದಿದ್ದರೆ ಸೈಜ್ ತೋರಿಸುವುದಿಲ್ಲ, ಸೈಜ್ ಇಲ್ಲದೆ ಜಾಬ್ ಕಾರ್ಡ್ ತೆರೆಯುವುದಿಲ್ಲ. ಕಲಬುರಗಿಯ ಟೈರ್ ಅಂಗಡಿಗೆ ದಿನವೂ ಬರುವುದು ಸ್ವಿಫ್ಟ್, ಬೊಲೆರೊ, ಗಂಜ್‌ಗೆ ತೊಗರಿ ಹೊರುವ ಪಿಕಪ್. ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಎಂಜಿಯದೇ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿ ಒಂದು ಬಂತು, ಎರಡು ಸೀಟಿನದು, ಸೈಕಲ್ ಚಕ್ರದಂಗೆ ಕಡ್ಡಿ ಇರುವ ವೈರ್ ವೀಲ್ ಇದ್ದದ್ದು. ಆ ಮಧ್ಯಾಹ್ನ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕಾರಿನ ಮಾಲೀಕರು ಟೈರ್ ಬದಲಿಸಲು ಬಂದವರಲ್ಲ. ಹುಮನಾಬಾದ್ ಮೇಲೆ ಬೀದರ್‌ಗೆ ಹೊರಟಿದ್ದರು, ಗಾಳಿ ಹಿಡಿಸಲು ನಿಂತಿದ್ದರು. ನಾನು ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ಒರೆಸಿ, ತಯಾರಾದ ಕಾಲ ಹೇಳುವ ಡಾಟ್ ಕೋಡ್ ನೋಡಿದೆ. ಕೊನೆಯಲ್ಲಿ ಮೂರೇ ಅಂಕಿ. 2000ದಿಂದ ಈಚೆಗಿನ ಟೈರ್‌ಗಳಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಮುಂದಿನೆರಡು ವರ್ಷ. ಮೂರೇ ಇದ್ದರೆ ಅದಕ್ಕಿಂತ ಹಿಂದಿನದು.

"ಗ್ರಿಪ್ ನೋಡ್ರಿ, ಹೊಸದರಂಗ ಅದ. ಯಾಕ ಬದಲಿ ಮಾಡ್ಬೇಕು?" ಅಂದರು.

ಅವರ ಮಾತು ಸುಳ್ಳಲ್ಲ. ಗ್ರಿಪ್‌ನ ಆಳ ಕಾನೂನು ಕೇಳುವುದು 1.6 ಮಿ.ಮೀ., ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಆದರೆ ನಿಂತ ಕಾರಿನ ಟೈರ್ ಸವೆಯುವುದಿಲ್ಲ, ಒಣಗುತ್ತದೆ. ರಬ್ಬರಿನೊಳಗೆ ಓಜೋನ್ ತಡೆಯುವ ಮೇಣ ಹಾಕಿರುತ್ತಾರೆ. ಟೈರ್ ಉರುಳಿ ಬಾಗುತ್ತಿದ್ದರೆ ಅದು ಮೇಲ್ಮೈಗೆ ಬರುತ್ತಿರುತ್ತದೆ. ಶೆಡ್ಡಿನಲ್ಲಿ ನಿಂತರೆ ಬರುವುದಿಲ್ಲ, ಸೈಡ್‌ವಾಲ್ ಬಿರುಕು ಬಿಡುತ್ತದೆ. ಮೇಲಿಂದ ನಮ್ಮ ಕಡೆಯ ಬಿಸಿಲು, ಮೇನಲ್ಲಿ 40 ಡಿಗ್ರಿ ದಾಟಿದ ಹವೆ, ಕಾದ ಡಾಂಬರು. ಗ್ರಿಪ್ ಎಷ್ಟೇ ಇರಲಿ, ಹತ್ತು ವರ್ಷ ದಾಟಿದ ಟೈರನ್ನು ನಾನು ಹೈವೇಗೆ ಬಿಡುವುದಿಲ್ಲ. ಬಿರುಕಿನ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದೆ. ಅವರು ಬಗ್ಗಿ ನೋಡಿದರು, ಒಪ್ಪಿದರು.

ಗಿರಾಕಿಯನ್ನು ಒಪ್ಪಿಸುವುದೇ ಕಷ್ಟ ಅಂದುಕೊಂಡಿದ್ದೆ. ನಿಜವಾದ ಕಷ್ಟ ಕೌಂಟರ್ ಕಡೆಯಿಂದ ಬಂತು.

ಈ ಕಾರು ತಯಾರಾದದ್ದು 1962ರಿಂದ 1980ರವರೆಗೆ, ಇಂಗ್ಲೆಂಡಿನಲ್ಲಿ. ಆಗಿನ ರೇಡಿಯಲ್ ಟೈರಿನ ಅಗಲ 155 ಅಥವಾ 165 ಮಿ.ಮೀ., 14 ಇಂಚಿನ ರಿಮ್. ಆ ಕಾಲದಲ್ಲಿ ಪ್ರೊಫೈಲ್, ಅಂದರೆ ಸೈಡ್‌ವಾಲ್ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು, ಬರೆಯುತ್ತಿರಲಿಲ್ಲ, ಸುಮಾರು 80 ಅಂತ ಹಿಡಿಯಬೇಕು. ಅಂದರೆ 165/80 ಆರ್14. ಟೈರ್ ಕೆಲಸದವರಿಗೆ ಈ ನಂಬರ್ ಬಾಯಿಪಾಠ, ಸ್ವಿಫ್ಟ್‌ನ ಬೇಸ್ ಮಾಡೆಲ್‌ಗೆ ಬರುವುದೂ ಅದೇ. ನಮ್ಮ ರ‍್ಯಾಕ್‌ನಲ್ಲೇ ಇತ್ತು, 85ಟಿ. ಒಂದು ಟೈರ್ 515 ಕೆಜಿ ಹೊರುತ್ತದೆ, 190ರ ವೇಗಕ್ಕೆ ನಿಲ್ಲುತ್ತದೆ. ಕಾರಿನ ತೂಕ ಹೆಚ್ಚುಕಡಿಮೆ ಒಂದು ಟನ್, ಹೊಸದಿದ್ದಾಗಲೂ 170 ದಾಟದ ಗಾಡಿ. ಇನ್ನೇನು ಬೇಕು?

ಮ್ಯಾನೇಜರ್‌ಗೆ ಅಪ್‌ಸೈಜ್ ಟಾರ್ಗೆಟ್ ಇತ್ತು, ಅಂದರೆ ಇದ್ದದ್ದಕ್ಕಿಂತ ಅಗಲದ ಟೈರ್ ಇಷ್ಟು ಮಾರಬೇಕು ಅಂತ. "ಸ್ಪೋರ್ಟ್ಸ್ ಕಾರು, ಅಗಲ ಹಾಕಿದ್ರೆ ರೋಡ್ ಗ್ರಿಪ್ ಜಾಸ್ತಿ" ಅಂತ ಮಾಲೀಕರ ಮುಂದೆಯೇ 185/70 ಇಳಿಸಲು ಹೇಳಿದರು. ಸುತ್ತಳತೆ ಹೊಂದುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಎತ್ತರದಲ್ಲಿ 5 ಮಿ.ಮೀ. ವ್ಯತ್ಯಾಸ, ಮೀಟರ್‌ಗೆ ಗೊತ್ತೇ ಆಗುವುದಿಲ್ಲ. ಆದರೆ ವೈರ್ ವೀಲ್ ರಿಮ್ ನಾಲ್ಕೂವರೆ ಇಂಚು. ಅದರ ಮೇಲೆ 185 ಕೂಡಿಸಿದರೆ ಪಕ್ಕ ಉಬ್ಬುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾರು, ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ ತಿರುಗಿಸಲು ತೋಳು ನೋಯುತ್ತದೆ. ಇಷ್ಟು ಹೇಳಿದೆ. ಕೇಳಲಿಲ್ಲ. ಹಾಗಾದರೆ ಹಿಂದಿನ ಎಡಚಕ್ರಕ್ಕೆ ಒಂದು ಹಾಕಿ ನೋಡೋಣ, ಆಮೇಲೆ ಉಳಿದದ್ದು ಅಂದೆ.

ಅದನ್ನು ಬಿಚ್ಚುವುದೇ ಒಂದು ಪರೀಕ್ಷೆ. ಅಲ್ಲಿ ಮಾಮೂಲಿ ನಟ್‌ಗಳಿಲ್ಲ, ನಡುವೆ ಸ್ಪಿನ್ನರ್ ಅನ್ನುವ ಒಂದೇ ದೊಡ್ಡ ನಟ್, ತಾಮ್ರದ ಸುತ್ತಿಗೆಯಿಂದ ಹೊಡೆದು ತೆಗೆಯಬೇಕು. ಎಡಗಡೆ ಮಾಮೂಲಿ ಥ್ರೆಡ್, ಬಲಗಡೆ ಉಲ್ಟಾ. ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ಎರಡೂ ಕಡೆ ಸಡಿಲಾಗುತ್ತದೆ. ನಮ್ಮ ಹುಡುಗ ಇಂಪ್ಯಾಕ್ಟ್ ಗನ್ ಹಿಡಿದು ನಿಂತಿದ್ದ. ಗನ್ ಕೆಳಗಿಡಿಸಿ ದಿಕ್ಕು ತೋರಿಸಿ ಹೊಡೆಸಿದೆ.

ಟೈರ್ ಕೂಡಿಸಿ ಕಾರು ನೆಲಕ್ಕಿಳಿಸಿದೆವು. ಮಡ್‌ಗಾರ್ಡ್ ಒಳಗೆ ಕೈ ಹಾಕಿದೆ, ಬೆರಳು ಹೋಗಲಿಲ್ಲ. ಇಬ್ಬರು ಹುಡುಗರನ್ನು ಡಿಕ್ಕಿಯ ಮೇಲೆ ಕೂಡಿಸಿದೆ. ಮಡ್‌ಗಾರ್ಡಿನ ಅಂಚು ರಬ್ಬರ್‌ಗೆ ತಾಗಿತು. ಎಲ್ಲರೂ ನೋಡಿದರು. ಮ್ಯಾನೇಜರ್ ಇನ್ನೂ "ಓಡ್ತಾ ಓಡ್ತಾ ಸೆಟ್ ಆಗ್ತದ" ಅಂದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೆಲಸ ಹೋದರೆ ಹೋಗಲಿ ಅನ್ನಿಸಿತು. ಜಾಬ್ ಕಾರ್ಡ್ ಮೇಲೆ ನನ್ನ ಸಹಿ ಬೀಳುವುದಿಲ್ಲ ಅಂದುಬಿಟ್ಟೆ. ಯಾರೂ ಮಾತಾಡಲಿಲ್ಲ. ಕೊನೆಗೆ ಮಾಲೀಕರೇ ನನ್ನ ಕಡೆ ಕೈ ಮಾಡಿ, "ಅವ್ರು ಹೇಳಿದ್ದು ಹಾಕ್ರಿ" ಅಂದರು.

ಉಳಿದದ್ದು ಕೈಕೆಲಸ. ವೈರ್ ವೀಲ್‌ನಲ್ಲಿ ಕಡ್ಡಿಯ ತೂತಿನಿಂದ ಗಾಳಿ ಸೋರುತ್ತದೆ, ಹಾಗಾಗಿ ಟ್ಯೂಬ್ ಬೇಕೇ ಬೇಕು. ಹಳೆಯ ರಿಮ್ ಬಿಚ್ಚಿದಾಗ ಒಳಗಿನ ಪಟ್ಟಿ ಪುಡಿಯಾಗಿತ್ತು, ಕಡ್ಡಿಯ ತುದಿಗಳು ಟ್ಯೂಬನ್ನು ಉಜ್ಜಿ ತೆಳುವಾಗಿಸಿದ್ದವು. ಆ ಟ್ಯೂಬ್ ಬೀದರ್ ಮುಟ್ಟುತ್ತಿತ್ತೋ ಇಲ್ಲವೋ! ತುದಿ ಉಜ್ಜಿ ಸಮ ಮಾಡಿ ಹೊಸ ಪಟ್ಟಿ ಸುತ್ತಿದೆವು. ಹೊಸ ಟೈರಿನ ಒಳಗಿದ್ದ ಸ್ಟಿಕ್ಕರ್ ಕಿತ್ತೆವು, ಇಲ್ಲದಿದ್ದರೆ ಅದೂ ಟ್ಯೂಬ್ ತಿನ್ನುತ್ತದೆ. ಪೌಡರ್ ಹಾಕಿ ರೇಡಿಯಲ್ ಟ್ಯೂಬ್ ಕೂಡಿಸಿದೆವು. ಗಾಳಿ ಮಷಿನ್ 33 ಪಿಎಸ್ಐಗೆ ಸೆಟ್ ಆಗಿರುತ್ತದೆ, ಬರುವ ಕಾರಿಗೆಲ್ಲ ಅದೇ. ಇಷ್ಟು ಹಗುರ ಕಾರಿಗೆ ಅಷ್ಟು ಹಿಡಿದರೆ ತಗ್ಗಿನಲ್ಲಿ ಕುಣಿಯುತ್ತದೆ. ಕೈಯಿಂದ ಇಳಿಸಿದೆ, ಹಿಂದೆ ಸ್ವಲ್ಪ ಜಾಸ್ತಿ, ಮುಂದೆ ಸ್ವಲ್ಪ ಕಡಿಮೆ. ಬ್ಯಾಲೆನ್ಸಿಂಗ್ ಮಾಡಲಿಲ್ಲ. ಇಂಥ ವೀಲ್ ಹಿಡಿಯುವ ಕೋನ್ ನಮ್ಮಲ್ಲಿಲ್ಲ, ಸುಮ್ನೆ ಮಷಿನ್‌ಗೆ ಹಾಕಿ ಸೀಸ ಬಡಿದರೆ ದುಡ್ಡು ತೆಗೆದುಕೊಂಡಂತೆ ಅಷ್ಟೇ. ಕೋನ್ ತರಿಸಿ ಅಂತ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಆ ತಿಂಗಳ ರಿವ್ಯೂನಲ್ಲಿ ನನ್ನ ಹೆಸರಿನ ಮುಂದೆ "ಅಪ್‌ಸೆಲ್ ಕಳೆದುಕೊಂಡರು" ಅಂತ ಬಂತು. ಹೊಸ ಹುಡುಗರಿಗೆ ನಾನು ಈಗಲೂ ಕಲಿಸುವುದು ಇದನ್ನೇ: ಹಳೆ ಕಾರು ಬಂದರೆ ಮೊದಲು ಡಾಟ್ ಕೋಡ್, ಆಮೇಲೆ ರಿಮ್ ಅಗಲ, ಆಮೇಲೆ ಮಡ್‌ಗಾರ್ಡ್ ಒಳಗೆ ಕೈ. ಸೈಜ್ ಶೀಟ್ ನೋಡುವುದು ಕೊನೆಗೆ. ಎಂಜಿಬಿಯ ಸ್ಟೆಪ್ನಿ ಇನ್ನೂ ಹಳೆಯದೇ ಇದೆ, ಮಳೆ ಶುರುವಾಗುವ ಮೊದಲು ತರುತ್ತೇನೆ ಅಂದಿದ್ದಾರೆ. ಒಂದು 165/80 ಮತ್ತು ಒಂದು ಟ್ಯೂಬ್ ಬೇರೆ ಎತ್ತಿಟ್ಟಿದ್ದೇನೆ.