“ಸುಕ್ಕು ತೆಗೀತೀರಂತಲ್ಲ, ಡಾಕ್ಟ್ರಮ್ಮ?”

ಪ್ಲಾಸ್ಟಿಕ್ ಸರ್ಜನ್ ಅಂದ ಮರುಗಳಿಗೆಯೇ ಈ ಪ್ರಶ್ನೆ ಬರುತ್ತದೆ. ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ದೇವರಾಜ ಮಾರುಕಟ್ಟೆಯಲ್ಲಿ ಹೂ ಕೊಳ್ಳುವಾಗ, ಮಗಳ ಶಾಲೆಯ ಗೇಟಿನ ಮುಂದೆ, ಎಲ್ಲ ಕಡೆ ಅದೇ. “ಮುಖದ ಸುಕ್ಕು ತೆಗೀತೀರಂತಲ್ಲ? ಹತ್ತು ವರ್ಷ ಚಿಕ್ಕೋರ ಹಂಗೆ ಮಾಡಬಹುದಾ?” ಅದರ ಹಿಂದೆಯೇ, “ಒಳಗೆ ಪ್ಲಾಸ್ಟಿಕ್ಕೇ ಇಡೋದಾ?” ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದೇ ಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ಲಾಸ್ಟಿಕ್ ಇಡುವುದಿಲ್ಲ. ಆ ಹೆಸರು ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಜರ್ಮನಿಯ ಗ್ರೇಫ 1818ರಲ್ಲಿ ಮೂಗು ಕಟ್ಟುವ ಶಸ್ತ್ರಚಿಕಿತ್ಸೆಯ ಪುಸ್ತಕಕ್ಕೆ ‘ರೈನೋಪ್ಲಾಸ್ಟಿಕ್’ ಎಂದು ಹೆಸರಿಟ್ಟಾಗ, ಬಕೆಟ್ಟು ಕೊಡ ಮಾಡುವ ಪ್ಲಾಸ್ಟಿಕ್ ಹುಟ್ಟಿರಲೇ ಇಲ್ಲ. ಸುಕ್ಕು ತೆಗೆಯಬಹುದು. ಜೋತ ಚರ್ಮ ಬಿಗಿ ಮಾಡಬಹುದು, ಸೂಜಿಮದ್ದು ಕೊಟ್ಟು ಹಣೆಯ ಗೆರೆಯನ್ನು ಕೆಲವು ತಿಂಗಳು ಅಡಗಿಸಬಹುದು. ಅದನ್ನು ಶ್ರದ್ಧೆಯಿಂದ ಮಾಡುವ ಸಹೋದ್ಯೋಗಿಗಳು ಇದ್ದಾರೆ, ಅವರ ಬಗ್ಗೆ ಗೌರವವಿದೆ. ನನ್ನ ಕೆಲಸ ಕೈ. ಯಂತ್ರಕ್ಕೆ ಸಿಕ್ಕ ಕೈ.

ಹಾಗಂದ ತಕ್ಷಣ ಕೇಳಿದವರ ಮುಖ ಇಳಿಯುತ್ತದೆ. “ಓ, ಅದಾ” ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಸುಕ್ಕಿನ ಪ್ರಶ್ನೆಗಲ್ಲ, ಈ “ಓ, ಅದಾ” ಅನ್ನುವುದಕ್ಕೆ.

ಎರಡು ವರ್ಷದ ಹಿಂದೆ ಪಾಂಡವಪುರದ ಕಡೆ, ನಮ್ಮೂರಲ್ಲೇ, ಒಂದು ಬೀಗರೂಟ. ನಮ್ಮ ಸಾಲಿನಲ್ಲಿ ಇಪ್ಪತ್ತು ಜನ ಕೂತಿದ್ದರು. ಅತ್ತೆಯ ಕಡೆಯ ಒಬ್ಬರು ನನ್ನ ಪಕ್ಕ ಜಾಗ ಮಾಡಿಕೊಂಡು ಕೂತು ಕೆನ್ನೆ, ಗಲ್ಲ, ಕಣ್ಣ ಕೆಳಗು ಎಲ್ಲ ತೋರಿಸಿ ಕೇಳತೊಡಗಿದರು. ಅತ್ತಿತ್ತ ಕೂತವರೂ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಎದುರು ಸಾಲಿನಲ್ಲಿ ಐವತ್ತರ ಆಸುಪಾಸಿನ ಒಬ್ಬರು ಬಲಗೈ ಮೇಲೆ ಟವೆಲ್ ಹೊದಿಸಿಕೊಂಡು ಎಡಗೈಯಲ್ಲಿ ಉಣ್ಣುತ್ತಿದ್ದರು. ಮುದ್ದೆ ಬಡಿಸಿದ ಕೂಡಲೇ ಪಕ್ಕದಲ್ಲಿದ್ದ ಅವರ ಮಗ, ಹತ್ತು ಹನ್ನೆರಡರ ಹುಡುಗ, ಅದನ್ನು ನಾಲ್ಕಾರು ತುಂಡು ಮಾಡಿ ಅಪ್ಪನ ಎಲೆಯ ಅಂಚಿಗೆ ಸರಿಸಿದ. ಎಷ್ಟು ಬೇಗ ಮಾಡಿದನೆಂದರೆ, ಯಾರೂ ನೋಡದ ಹಾಗೆ ಮಾಡಿ ಅಭ್ಯಾಸವಾಗಿದೆ ಎಂದು ನನಗೆ ತಿಳಿಯಿತು.

ಮುದ್ದೆ ಮುರಿಯಲು ಹೆಬ್ಬೆರಳು ಬೇಕು. ಕೈಯ ಕೆಲಸದಲ್ಲಿ ಹೆಬ್ಬೆರಳೊಂದರದೇ ಶೇಕಡ 40 ಎಂದು ನಮ್ಮಲ್ಲಿ ಲೆಕ್ಕ ಹೇಳುವುದುಂಟು. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 30 ನಷ್ಟ ಎನ್ನುತ್ತಿತ್ತು. ಆ 30 ಸಿಗಬೇಕಾದರೂ ನೀನು ಅಲ್ಲಿ ಕೂಲಿಗಿದ್ದೆ ಎಂದು ಯಾವುದಾದರೂ ಪುಸ್ತಕದಲ್ಲಿ ಬರೆದಿರಬೇಕು. ಆಲೆಮನೆಯ ದಿನಗೂಲಿಯ ಹೆಸರು ಎಲ್ಲಿ ಬರೆದಿರುತ್ತದೆ?

ಕೈ ತೊಳೆಯುವ ನಲ್ಲಿಯ ಹತ್ತಿರ ನಾನೇ ಹೋಗಿ ಕೇಳಿದೆ. ಟವೆಲ್ ಸರಿಸಿ ತೋರಿಸಿದರು. ಹೆಬ್ಬೆರಳು ಬುಡದಿಂದ ಹೋಗಿತ್ತು, ತೋರುಬೆರಳು ಅರ್ಧ. ಗಾಣಕ್ಕೆ ಕಬ್ಬು ಕೊಡುವಾಗ, ಬೆಳಗಿನ ಜಾವ, ಹನ್ನೊಂದು ವರ್ಷದ ಹಿಂದೆ. “ಬೆರಳೂ ತಕ್ಕೊಂಡೇ ಹೋಗಿದ್ದೋ ಕಣವ್ವ, ಐಸ್‌ಕ್ಯಾಂಡಿಯೋನ ಡಬ್ಬದಲ್ಲಿ ಐಸೊಳಗೆ ಹೂತು. ಆಗಲ್ಲ ಅಂದ್ಬುಟ್ರು.” ಅವರು ಹೇಳಿದ್ದು ಇಷ್ಟೇ, ಆಮೇಲೆ ಕೈಯನ್ನು ಮತ್ತೆ ಟವೆಲ್ಲಿನೊಳಗೆ ಎಳೆದುಕೊಂಡರು.

ಗಾಣದಲ್ಲಿ ಜಜ್ಜಿದ ಬೆರಳು ಜೋಡಿಸಲು ಬರುವುದು ಅಪರೂಪ, ನಿಜ. ಆದರೆ ಐಸಿನಲ್ಲಿ ನೇರವಾಗಿ ಹೂತರೆ ಇದ್ದಬದ್ದ ಆಸೆಯೂ ಹೋಗುತ್ತದೆ. ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಬೆರಳನ್ನು ಶುದ್ಧ ನೀರಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಐಸು ಬೆರೆಸಿದ ನೀರಲ್ಲಿ ಇಡಬೇಕು. ಸುಣ್ಣ ಬೇಡ, ಅರಿಶಿನ ಬೇಡ, ಕಾಫಿಪುಡಿ ಬೇಡ. ಬೆರಳಿನೊಳಗೆ ಮಾಂಸಖಂಡ ಇಲ್ಲದಿರುವುದರಿಂದ ಹೀಗೆ ತಂಪಾಗಿಟ್ಟದ್ದು ಹಲವು ಗಂಟೆ ತಡೆಯುತ್ತದೆ. ಮುಂಗೈ ಮೇಲೆ ತುಂಡಾದರೆ ಅಷ್ಟು ಹೊತ್ತಿಲ್ಲ. ತಂಪಿಲ್ಲದೆ ಆರು ಗಂಟೆ ಕಳೆದರೆ ಕೈ ಉಳಿಯುವುದು ಕಷ್ಟ. ಜಪಾನಿನಲ್ಲಿ ಕೊಮಾತ್ಸು ಮತ್ತು ತಮಾಯ್ 1965ರಲ್ಲೇ ಪೂರ್ತಿ ಕಡಿದುಹೋದ ಹೆಬ್ಬೆರಳನ್ನು ಜೋಡಿಸಿ ತೋರಿಸಿದರು. ಅವತ್ತಿನಿಂದ ಇವತ್ತಿಗೆ ಅರವತ್ತು ವರ್ಷ ಕಳೆದಿದೆ. ಚೀಲದ ವಿಷಯ ಮಾತ್ರ ನಮ್ಮ ಆಲೆಮನೆಗಳಿಗೆ ಇನ್ನೂ ಬಂದಿಲ್ಲ.

ಇರಲಿ, ವಯಸ್ಸು ಕೇಳಿದಿರಲ್ಲ, ಅದನ್ನೂ ಹೇಳುತ್ತೇನೆ. ಕಬ್ಬು ಕಡಿಯುವವರ ತೋಳಂಗಿ ಮೇಲೆ ಸರಿಸಿ ನೋಡಿ. ಮೊಣಕೈ ಕೆಳಗೆ ಚರ್ಮ ಕಪ್ಪಾಗಿ, ಒರಟಾಗಿ, ಬೇಸಗೆಯ ಕೆರೆಯಂಗಳದಂತೆ ಗೆರೆಬಿದ್ದಿರುತ್ತದೆ. ನಾಲ್ಕು ಬೆರಳು ಮೇಲೆ, ಬಟ್ಟೆ ಮುಚ್ಚಿದ ಕಡೆ, ಹುಡುಗರ ಚರ್ಮ. ಒಂದೇ ತೋಳು, ಒಂದೇ ಜನ್ಮದಿನ. 2012ರಲ್ಲಿ ಅಮೆರಿಕದ ಒಂದು ವೈದ್ಯ ಪತ್ರಿಕೆಯಲ್ಲಿ 28 ವರ್ಷ ಸರಕಿನ ಗಾಡಿ ಓಡಿಸಿದ ಚಾಲಕನ ಫೋಟೊ ಬಂದಿತ್ತು. ಕಿಟಕಿಯ ಕಡೆಯ ಎಡಗೆನ್ನೆ ಮಾತ್ರ ದಪ್ಪ ಸುಕ್ಕುಗಟ್ಟಿ ಇಳಿಬಿದ್ದಿತ್ತು. ಬಿಸಿಲಿನ ಯುವಿಎ ಕಿರಣ ಗಾಜನ್ನೂ ದಾಟಿ ಬಂದು ಚರ್ಮವನ್ನು ಬಿಗಿಹಿಡಿದ ಕೊಲಾಜೆನ್ ನಾರನ್ನು ಕೆಡಿಸುತ್ತದೆ. ಜೀವಕೋಶಕ್ಕೆ ತನ್ನದೇ ಲೆಕ್ಕವೂ ಇದೆ. ಮನುಷ್ಯನ ಕೋಶಗಳು ಗಾಜಿನ ತಟ್ಟೆಯಲ್ಲಿ ಸುಮಾರು 50 ಸಲ ಒಂದು ಎರಡಾಗಿ ಒಡೆದು ಆಮೇಲೆ ನಿಲ್ಲುತ್ತವೆ ಎಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ 1961ರಲ್ಲಿ ತೋರಿಸಿದರು. ಹಾಗೆ ನಿಂತ ಮುದಿಕೋಶಗಳನ್ನೆಲ್ಲ ತೊಲಗಿಸಿದರೆ ಯೌವನ ಎಂದು ಜಾಹೀರಾತು ಓದಿಕೊಂಡು ಬರುತ್ತೀರಿ. ಆದರೆ ಇಲಿಗಳಲ್ಲಿ ಗಾಯ ಬೇಗ ಮುಚ್ಚಲು ಅಂಥ ಕೋಶಗಳೇ ನೆರವಾಗುತ್ತವೆ ಎಂದು 2014ರಲ್ಲಿ ಗೊತ್ತಾಯಿತು. ಹಳೆಯ, ಮಾಯದ ಹುಣ್ಣಿನಲ್ಲಿ ಅವೇ ಗುಂಪುಗೂಡಿ ಕಾಟ ಕೊಡುತ್ತವೆ. ಅದಕ್ಕೇ ನಾನು ಯಾರಿಗೂ ಹತ್ತು ವರ್ಷ ಕಡಿಮೆ ಮಾಡುತ್ತೇನೆಂದು ಮಾತು ಕೊಡುವುದಿಲ್ಲ. ಉದ್ದತೋಳಿನ ಅಂಗಿ ಹಾಕಿ, ಬಿಸಿಲಲ್ಲಿ ದುಡಿಯುವವರಿಗೆ ನೆರಳು ಮಾಡಿಕೊಡಿ ಎನ್ನುತ್ತೇನೆ.

ಮೂಗು ಎಲ್ಲರಿಗೂ ಕಾಣುತ್ತದೆ, ಕೈ ಟವೆಲ್ಲಿನೊಳಗೆ ಇರುತ್ತದೆ. ಇದು ಇವತ್ತಿನ ಕಥೆಯೂ ಅಲ್ಲ. ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ 1792ರಲ್ಲಿ ಮುಗಿದ ಯುದ್ಧದಲ್ಲಿ ಕಾವಸ್‌ಜಿ ಎಂಬವನು ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಸೆರೆಯಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು 1794ರ ಲಂಡನ್ನಿನ ಒಂದು ಪತ್ರಿಕೆ ಬರೆಯಿತು. ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯ ಒಬ್ಬ ಕುಶಲಿ ಹಣೆಯ ಚರ್ಮ ಬಿಡಿಸಿ, ತಿರುಗಿಸಿ ಹೊಸ ಮೂಗು ಕಟ್ಟಿದ. ಹುಬ್ಬುಗಳ ನಡುವೆ ಒಂದು ಪಟ್ಟಿ ಚರ್ಮವನ್ನು ಹಾಗೇ ಬಿಟ್ಟು, ಅದರಿಂದ ರಕ್ತ ಹರಿಯಲು ಕೊಟ್ಟು, ಸುಮಾರು 25ನೆಯ ದಿನ ಕತ್ತರಿಸುವ ವಿಧಾನ ಅದು. ಇವತ್ತು ಗಾಣದಲ್ಲಿ ಚರ್ಮ ಸುಲಿದ ಕೈಯನ್ನು ಮೂರು ವಾರ ತೊಡೆಸಂದಿಗೆ ಹೊಲಿದು ಇಡುತ್ತೇನಲ್ಲ, ಅದೂ ಇದೇ ವಿದ್ಯೆ. ಹೊಸ ಜಾಗ ರಕ್ತ ಕೊಡುವವರೆಗೆ ಹಳೆಯ ಜಾಗ ಕೊಡಬೇಕು. ಆ ಮೂಗಿನಿಂದ ಯುರೋಪೇ ಪಾಠ ಕಲಿಯಿತು. ಲಂಡನ್ನಿನ ಕಾರ್ಪ್ಯೂ 1814ರಲ್ಲಿ ಅದನ್ನು ಅಲ್ಲಿ ಮಾಡಿ ತೋರಿಸಿದ. ಎತ್ತಿನ ಹಗ್ಗ ಹಿಡಿಯಬೇಕಾದ ಕೈ ಏನಾಯಿತೆಂದು ಯಾರೂ ಬರೆಯಲಿಲ್ಲ.

ನನ್ನನ್ನು ಕೇಳಬೇಕಾದ್ದು ಇದು: ಗಾಣಕ್ಕೆ ಕೈ ಯಾಕೆ ಹೋಗುತ್ತದೆ? ಉರುಳೆಯ ಬಾಯಿ ಗೇಣುದೂರದಲ್ಲಿರುತ್ತದೆ. ಕೊನೆಯ ಡೊಂಕು ತುಂಡನ್ನು ಅಂಗೈಯಿಂದ ದೂಡಬೇಕು. ಅಂಗೈ ಕಬ್ಬಿನ ಹಾಲಿನಲ್ಲಿ ನೆಂದು ಜಾರುತ್ತದೆ. ರಾತ್ರಿಯೆಲ್ಲ ನಿಂತ ಕಣ್ಣು ತೂಗುತ್ತದೆ. ಎತ್ತಿನ ಗಾಣವಾಗಿದ್ದರೆ ಒಂದು ಕೂಗಿಗೆ ನಿಲ್ಲುತ್ತಿತ್ತು, ಮೋಟಾರಿಗೆ ಕಿವಿಯಿಲ್ಲ. ತೋಳಿಗಿಂತ ಉದ್ದದ ತಗಡಿನ ತೊಟ್ಟಿಯೊಂದನ್ನು ಬಾಯಿಗೆ ಕೂರಿಸಿ, ಮೇಲೆ ಮುಚ್ಚಳ ಹಾಕಿ, ನಿಂತ ಜಾಗದಲ್ಲೇ ಮೋಟಾರು ನಿಲ್ಲಿಸುವ ಗುಂಡಿ ಇಟ್ಟರೆ ಕೈ ಉರುಳೆಯನ್ನು ಮುಟ್ಟುವುದೇ ಇಲ್ಲ. ಊರ ವೆಲ್ಡಿಂಗ್ ಅಂಗಡಿಯವನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವ ಕೆಲಸ. ಅದಕ್ಕೆ ನನ್ನಂಥ ಸರ್ಜನ್ ಬೇಕಿಲ್ಲ.

ಆ ನಲ್ಲಿಯ ಹತ್ತಿರ ನಾನು ಅವರಿಗೆ ಹೇಳಿದೆ, ಕಾಲಿನ ಬೆರಳು ತೆಗೆದು ಹೆಬ್ಬೆರಳ ಜಾಗಕ್ಕೆ ಕೂರಿಸಬಹುದು, 1968ರಲ್ಲೇ ಇಂಗ್ಲೆಂಡಿನಲ್ಲಿ ಮಾಡಿದ್ದಾರೆ ಅಂತ. ಅವರು ಸ್ವಲ್ಪ ಹೊತ್ತು ತಮ್ಮ ಪಾದ ನೋಡಿದರು. “ಗದ್ದೆ ಕೆಸರಲ್ಲಿ ನಿಲ್ಲಕ್ಕಾದದಾ?” ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿಲ್ಲ. ಕಾಲಿನ ಹೆಬ್ಬೆಟ್ಟು ಮುಟ್ಟುವುದಿಲ್ಲ, ಅದರ ಪಕ್ಕದ ಎರಡನೆಯ ಬೆರಳು ತೆಗೆಯುತ್ತೇವೆ, ನಿಲ್ಲಬಹುದು ಎಂದೆ.

ಕಟಾವು ಮುಗಿಸಿ ಬಂದರು. ಆಪರೇಷನ್ ಆಯಿತು, ಬೆರಳು ನಿಂತಿತು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಬಿಸಿ ತಣ್ಣಗು ತಿಳಿಯಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಬಿಸಿ ಮುದ್ದೆಗೆ ಆ ಬೆರಳು ಹಾಕಬೇಡಿ, ಮೊದಲು ಎಡಗೈಯಲ್ಲಿ ಮುಟ್ಟಿ ನೋಡಿ ಎಂದು ಅವರಿಗೂ ಹೇಳಿದೆ, ಪಕ್ಕದಲ್ಲಿ ನಿಂತಿದ್ದ ಮಗನಿಗೂ ಹೇಳಿದೆ.