ಎಂಟು ದಿನದ ‘ನೀವು’

ನಾನು ಗಂಡನನ್ನು ‘ನೀನು’ ಅಂತಲೇ ಕರೆಯುವುದು. ಒಂದೇ ಕ್ಲಾಸಿನಲ್ಲಿ ಓದಿದವರು, ಏನು ಮಾಡೋದು. ಅತ್ತೆಯ ಎದುರು ಮಾತ್ರ ‘ನೀನು’, ‘ನೀವು’ ಎರಡನ್ನೂ ತಪ್ಪಿಸಿ ಹೇಗೋ ಮಾತಾಡುತ್ತೇನೆ. ಅಂಥವಳು ಒಮ್ಮೆ ಎಂಟು ದಿನ ಅವನಿಗೆ ‘ನೀವು’ ಅಂದೆ. ‘ಊಟಕ್ಕೆ ಬನ್ನಿ.’ ‘ಗಾಡಿ ಕೀ ಅಲ್ಲಿದೆ, ತಗೊಳ್ಳಿ.’

ಕಾರಣ ದುಡ್ಡು. ಚೀಟಿ ಎತ್ತಿ ಬ್ಯಾಂಕಿಗೆ ಹಾಕಿದ್ದ 80 ಸಾವಿರವನ್ನು ನನಗೆ ಒಂದು ಮಾತೂ ಹೇಳದೆ ಸ್ನೇಹಿತನಿಗೆ ಕೊಟ್ಟಿದ್ದ. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಗೊತ್ತಾಯಿತು. ತಪ್ಪಾಯ್ತು ಅಂದ. ಮೂರು ಸಲ ಅಂದ. ನಾನು ‘ಪರವಾಗಿಲ್ಲ ಬಿಡಿ’ ಅಂದೆ. ಒಂಬತ್ತನೇ ದಿನ ಮೈಸೂರಿನ ರೈಲು ಹತ್ತಿದೆ.

ಅಮ್ಮ ಏನೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. ಕಾಫಿ ಕೊಟ್ಟು ಅವರೆಕಾಯಿ ಬಿಡಿಸಲು ಕೂತರು. ಪಕ್ಕದಲ್ಲಿ ಬೀದಿ ಕೊನೆಯ ಲೈಬ್ರರಿಯಿಂದ ತಂದ ಪುಸ್ತಕವಿತ್ತು. ತ್ರಿವೇಣಿಯವರ ‘ಶರಪಂಜರ’. ಅಮ್ಮ ಅದನ್ನು ಎಷ್ಟು ಸಲ ತಂದಿದ್ದಾರೋ. ಬೈಂಡಿನ ಮೇಲೆ ಬೈಂಡು ಹಾಕಿಸಿದ ಪ್ರತಿ. ಅಂಚಿನ ತುಂಬಾ ಪೆನ್ಸಿಲ್ ಬರಹ. ಒಂದು ಕಡೆ ‘ಅಯ್ಯೋ ಪಾಪ’. ಇನ್ನೊಂದು ಕಡೆ ‘ಗಂಡಸರೇ ಹೀಗೆ’. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಎಲ್ಲರೂ ಅಲ್ಲ’.

ಕಲ್ಪನಾ ಮಾಡಿದ ಸಿನಿಮಾ ಟಿವಿಯಲ್ಲಿ ಅಷ್ಟಿಷ್ಟು ನೋಡಿದ್ದೆ, ಪುಸ್ತಕ ಓದಿರಲಿಲ್ಲ. ಕಾವೇರಿ, ಸತೀಶ, ಚೆಂದದ ಸಂಸಾರ. ಹೆರಿಗೆಯಾದ ಮೇಲೆ ಅವಳಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಆ ಭರದಲ್ಲಿ ಮದುವೆಗೆ ಮುಂಚಿನ ಗುಟ್ಟೊಂದು ಹೊರಬೀಳುತ್ತದೆ. ವಾಸಿಯಾಗಿ ಆಸ್ಪತ್ರೆಯಿಂದ ಬಂದವಳನ್ನು ಜನ ಹುಚ್ಚಿ ಅಂತಲೇ ನೋಡುತ್ತಾರೆ. ಬರೆದವರು ನಮ್ಮ ಮೈಸೂರಿನವರೇ, ಮನಶ್ಶಾಸ್ತ್ರ ಓದಿದವರು. ಬಾಣಂತಿಯ ಕಥೆ ಹೀಗೆ ಬರೆದವರು 1963ರಲ್ಲಿ ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಹೋದರು. ಆಗಿನ್ನೂ 34 ವರ್ಷ.

‘ಎಲ್ಲಿವರೆಗೆ ಬಂತು?’ ಅಮ್ಮ ಕೇಳಿದರು.

‘ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ.’

‘ಹ್ಞಾ, ಅಲ್ಲಿಂದಲೇ ಕಷ್ಟ.’

ಸಿನಿಮಾ ಬಂದಾಗ ಅಪ್ಪ, ಅಮ್ಮ ಒಟ್ಟಿಗೆ ಹೋಗಿದ್ದರಂತೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅಪ್ಪ ಮಾತೇ ಆಡಲಿಲ್ಲವಂತೆ. ಮರುದಿನ ಬೆಳಿಗ್ಗೆ ತಾವೇ ಕಾಫಿ ಮಾಡಿ ತಂದುಕೊಟ್ಟರಂತೆ. ‘ಬರೀ ನೀರು’ ಅಂತ ಅಮ್ಮ ನಕ್ಕರು.

ನಿಜ ಹೇಳುತ್ತೇನೆ, ನಾನು ಆ ಪುಸ್ತಕ ಹಿಡಿದದ್ದು ಅಳುವುದಕ್ಕೆ. ಕಾವೇರಿಯ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು, ಸತೀಶನಿಗೆ ಬೈದುಕೊಂಡು, ಹಾಯಾಗಿ ಅಳೋಣ ಅಂತ. ಅರ್ಧದವರೆಗೆ ಹಾಗೇ ನಡೆಯಿತು. ಆಮೇಲೆ ಕೆಟ್ಟಿತು. ಅವಳು ಹತ್ತಿರ ಬಂದಷ್ಟೂ ಸತೀಶ ದೂರ ಸರಿಯುತ್ತಾನಲ್ಲ, ಆ ಸರಿಯುವುದು ನನಗೆ ಚೆನ್ನಾಗಿ ಗೊತ್ತಿರುವ ಕೆಲಸ ಅನ್ನಿಸಿತು. ಹಿಂದಿನ ವಾರ ಇವನು ಸಾರು ಚೆನ್ನಾಗಿದೆ ಅಂದಾಗ ನಾನು ‘ಥ್ಯಾಂಕ್ಸ್’ ಅಂದಿದ್ದೆ. ಗಂಡನಿಗೆ ಸಾರಿಗೆ ಥ್ಯಾಂಕ್ಸ್! ಅವನ ಮುಖ ಹೇಗಾಯಿತು ಅಂತ ಆಗ ನೋಡಿರಲೂ ಇಲ್ಲ.

ಹಾಗಂತ ಅವನು ಕಾವೇರಿಯೇನಲ್ಲ. ಅವಳು ಕಾಯಿಲೆ ಬಿದ್ದವಳು, ಇವನು ಬೇಕೆಂದೇ ಬಚ್ಚಿಟ್ಟವನು. ಅವಳನ್ನು ಕ್ಷಮಿಸುವುದಕ್ಕೆ ಸತೀಶ ಯಾರು ಅಂತಲೂ ಕೋಪ ಬರುತ್ತದೆ. ಇಷ್ಟಾದರೂ ಕೊನೆಯಲ್ಲಿ ಅವಳಿಗೆ ಮತ್ತೆ ಬುದ್ಧಿ ಕೆಡುವ ಹೊತ್ತಿಗೆ ನನಗೆ ಅಳು ಬರಲಿಲ್ಲ, ಹೆದರಿಕೆಯಾಯಿತು.

ರಾತ್ರಿ ಅವನ ಫೋನ್ ಬಂತು. ‘ಊಟ ಆಯ್ತಾ?’ ಅಂದ. ಆಯ್ತು ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

‘ನಿಂಗೆ ಬುದ್ಧಿ ಇದೆಯೇನೋ?’ ಅಂದೆ. ‘ಎಂಬತ್ತು ಸಾವಿರ! ಕೇಳಿದ್ರೆ ನಾನೇನು ಬೇಡ ಅಂತಿದ್ನಾ?’

ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದರು. ಅರ್ಧ ಗಂಟೆ ಬೈದೆ. ಆ ಕಡೆ ಹ್ಞೂಂ, ಹ್ಞೂಂ ಅಂತಿದ್ದವನು ಕೊನೆಗೆ ‘ಉಳಿದಿದ್ದು ಮನೆಗೆ ಬಂದು ಬೈಯುವಿಯಂತೆ, ಬಾ’ ಅಂದ.

ದುಡ್ಡು ವಾಪಸ್ ಬರಲು ಎರಡು ವರ್ಷ ಹಿಡಿಯಿತು. ಅದೂ ಕಂತಿನಲ್ಲಿ.